ಖಾಲಿ ಮನೆಯ ಮೀಟರ್

ಮೀಟರಿನ ಕೆಂಪು ದೀಪ ಮತ್ತೆ ಮಿಟುಕಿತು.

ನಾನು ಹಿಂಬಾಗಿಲ ಹೊರಗೆ ಸ್ಟೂಲಿನ ಮೇಲೆ ನಿಂತು, ಮೂಗು ತಾಗುವಷ್ಟು ಹತ್ತಿರದಿಂದ ಅದನ್ನೇ ನೋಡುತ್ತಿದ್ದೆ. ಮನೆಯ ಅಷ್ಟೂ ಸ್ವಿಚ್ಚುಗಳನ್ನು ಕೈಯಾರೆ ಆರಿಸಿ ಬಂದಿದ್ದೆ. ಮನೆಯಲ್ಲಿ ಫ್ರಿಜ್ಜಿಲ್ಲ, ಪಂಪಿಲ್ಲ. ಫ್ಯಾನುಗಳನ್ನು ಯಾವತ್ತೋ ಬಿಚ್ಚಿ ಒಯ್ದಿದ್ದರು, ಚಾವಣಿಯಲ್ಲಿ ಬರೀ ಕೊಕ್ಕೆಗಳು ಉಳಿದಿದ್ದವು. ಆದರೂ ದೀಪ ತನ್ನ ಪಾಡಿಗೆ ತಾನು ಮಿಟುಕುತ್ತಲೇ ಇತ್ತು.

"ಇಳಿ ಅಕ್ಕ, ಬಿದ್ದು ಗಿದ್ದು ಸೊಂಟ ಮುರ್ಕೊಂಡೀಯ," ಎಂದಳು ತಂಗಿ ಕೆಳಗಿನಿಂದ. "ನೋಡಿದ್ದು ಸಾಕು."

"ಯಾರೋ ಕರೆಂಟ್ ಉರಿಸ್ತಿದ್ದಾರೆ ಕಣೇ."

"ಹಳೇ ಮೀಟರು. ಕೆಟ್ಟಿರಬೇಕು ಬಿಡು."

"ಕೆಟ್ಟ ಮೀಟರು ನಿಂತು ಹೋಗುತ್ತೆ. ಹೀಗೆ ದುಡಿಯಲ್ಲ."

ತಂಗಿ ಮುಖ ಸಿಂಡರಿಸಿ ಬೇರೆ ಕಡೆ ನೋಡಿದಳು. ಮನೆ ಕೈತಪ್ಪಿ ಹೋಗುತ್ತದೆ ಎಂಬ ದಿಗಿಲು ಅವಳಿಗೆ ಎಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದರೂ ಅಷ್ಟೇ.

ನನ್ನ ಕಸುಬೇ ಇದು. ಸಾಲ ತೀರದೆ ಬ್ಯಾಂಕು ಜಪ್ತಿ ಮಾಡಿ ಹರಾಜಿಗೆ ಹಾಕಿದ ಮನೆಗಳನ್ನು, ಕೊಳ್ಳುವವರ ಪರವಾಗಿ ನಾನು ಮೊದಲು ನೋಡಿ ಬರುತ್ತೇನೆ. ಗೋಡೆ ಕಂಡರೆ ಬೆರಳಿನಿಂದ ಕುಟ್ಟಿ ನೋಡುವ ಚಟ ನನಗೆ. ಅದಕ್ಕೇ ಬ್ಯಾಂಕುಗಳಲ್ಲಿ ನನ್ನನ್ನು ಟಕಟಕ ಮೇಡಂ ಎನ್ನುತ್ತಾರೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಬರೀ ಟಕಟಕ. ನನಗೇನೂ ಬೇಜಾರಿಲ್ಲ.

ಅಗ್ಗಕ್ಕೆ ಸಿಗುತ್ತದೆಂದು ಬಾಯಿ ಬಿಟ್ಟುಕೊಂಡು ಬರುವವರಿಗೆ ನಾನು ಹೇಳುವ ಮೊದಲ ಮಾತು: ಗೋಡೆಯ ಬಣ್ಣ ನೋಡಬೇಡಿ, ಮೀಟರ್ ನೋಡಿ. ಮನೆ ಖಾಲಿ ಇದೆ ಎಂದು ಬ್ಯಾಂಕಿನವರು ಹೇಳುತ್ತಾರೆ. ನಿಜವಾಗಿ ಖಾಲಿ ಇದೆಯೇ ಎಂಬುದನ್ನು ಮೀಟರ್ ಹೇಳುತ್ತದೆ. ಆಮೇಲೆ ನಲ್ಲಿ ತಿರುಗಿಸಿ ನೋಡಿ, ಚರಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ಸಿಟ್ಟಿನಲ್ಲಿ ಮನೆ ಬಿಟ್ಟವರು ಪೈಪಿಗೆ ಸಿಮೆಂಟ್ ಹಾಕಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಾಕಿ ಬಿಲ್ಲುಗಳು ಯಾರ ತಲೆಗೆ ಬರುತ್ತವೆಂದು ಕೇಳಿ. ಎದುರು ಮನೆಯವರನ್ನು ಮಾತಾಡಿಸಿ. ಎಲ್ಲಕ್ಕಿಂತ ಮುಖ್ಯ, ಒಳಗೆ ಯಾರಾದರೂ ಇದ್ದಾರಾ ನೋಡಿ. 'ಇದ್ದದ್ದು ಇದ್ದ ಹಾಗೆ' ಎಂದು ಬರೆದ ಕಾಗದಕ್ಕೆ ಒಮ್ಮೆ ಸೈನ್ ಹಾಕಿದಿರೋ, ಒಳಗಿರುವವರನ್ನು ಹೊರಗೆ ಕಳಿಸುವುದು ಬ್ಯಾಂಕಿನ ತಲೆನೋವಲ್ಲ, ನಿಮ್ಮದು. ಆ ತಲೆನೋವಿನಲ್ಲಿ ಕೋರ್ಟು ಕಚೇರಿ ಅಲೆದು ಕೂದಲು ಬೆಳ್ಳಗಾದವರನ್ನೂ ನಾನು ಬಲ್ಲೆ.

ಇಷ್ಟೆಲ್ಲ ಊರಿಗೆ ಉಪದೇಶ ಮಾಡುವವಳ ಸ್ವಂತ ತಂಗಿ ನನ್ನನ್ನು ಒಂದು ಮಾತೂ ಕೇಳದೆ ಹರಾಜಿನಲ್ಲಿ ಮನೆ ಹಿಡಿದಿದ್ದಳು.

ಅವಳದು ಬ್ಯೂಟಿ ಪಾರ್ಲರ್. ಬಾಡಿಗೆ ಅಂಗಡಿ, ಅದರ ಹಿಂದೆಯೇ ವಾಸ, ಶಾಲೆಗೆ ಹೋಗುವ ಮಗಳು, ಬಿಟ್ಟುಹೋದ ಗಂಡ. ಮಾಲೀಕರು ಈ ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದರು. ಈ ಮನೆಯ ಮುಂದಿನ ಕೋಣೆ ಬೀದಿಗೇ ತೆರೆದುಕೊಳ್ಳುತ್ತದೆ. ಅದಕ್ಕೆ ಶಟರ್ ಇದೆ, ಒಳಗೆ ಒಳ್ಳೆಯ ಬೆಳಕಿದೆ. ಅಮ್ಮ ಬಿಟ್ಟುಹೋದದ್ದರಲ್ಲಿ ತನ್ನ ಪಾಲನ್ನೆಲ್ಲ ಅವಳು ಮುಂಗಡವಾಗಿ ಕಟ್ಟಿಬಿಟ್ಟಿದ್ದಳು. ಇವತ್ತು ಬ್ಯಾಂಕು ಮುಚ್ಚುವುದರೊಳಗೆ ಸೈನ್ ಹಾಕಿ ಮನೆ ವಶಕ್ಕೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಮನೆಯೂ ಇಲ್ಲ, ಕಟ್ಟಿದ್ದೂ ಇಲ್ಲ, ತಾಯಿ ಮಗಳು ಬೀದಿಯಲ್ಲಿ.

ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ, ಸೈನ್ ಹಾಕು ಎನ್ನುತ್ತಿದ್ದೆನೇನೋ. ಆದರೆ ಈ ಮನೆಯನ್ನು ಕಳೆದುಕೊಂಡ ದರ್ಜಿ, ಹರಾಜು ಮುಗಿದು ಕೆಲವು ದಿನಗಳಾದ ಮೇಲಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬ್ಯಾಂಕಿನವರ ಒಳಹೊರಗು ಬಲ್ಲವಳೆಂದು ಕೇಳಿ, ಅವನನ್ನು ಹುಡುಕಿಕೊಡಿ ಎಂದು ಅವನ ಹೆಂಡತಿ ನನ್ನ ಬಾಗಿಲಿಗೆ ಬಂದು ಕೂತಿದ್ದಳು. ಸಾಲಗಾರ ತಾನೇ, ಎಲ್ಲೋ ಓಡಿಹೋಗಿರ್ತಾನೆ ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರಂತೆ.

"ಓಡಿಹೋಗೋ ಗಂಡಸಲ್ಲ ಮೇಡಂ," ಎಂದಿದ್ದಳು ಆಕೆ. "ಅವರ ಅಕ್ಕನ್ನ ಬಿಟ್ಟು ಒಂದು ರಾತ್ರಿ ಹೊರಗೆ ಇದ್ದವರಲ್ಲ. ನಾನೇ ಎಷ್ಟು ಸಲ ಜಗಳ ಆಡಿದ್ದೀನಿ ಅದಕ್ಕೆ."

"ಅಕ್ಕ ಈಗ ಎಲ್ಲಿದ್ದಾರೆ?"

"ಜಪ್ತಿ ದಿನವೇ ಅವರ ದೊಡ್ಡಮ್ಮನ ಮನೆಗೆ ಬಿಟ್ಟು ಬಂದೆ ಅಂದ್ರು. ಒಳ್ಳೇದಾಯ್ತು ಅಂತ ನಾನೂ ಸುಮ್ಮನಾದೆ. ನಾವಿರೋ ಒಂದು ಕೋಣೇಲಿ ಎಲ್ಲಿ ಮಲಗಿಸೋದು."

ನಾನು ಸ್ಟೂಲಿನಿಂದ ಇಳಿದೆ.

"ಬಾ, ಅಂಗಡಿ ಕೋಣೆ ನೋಡೋಣ."

"ಅಲ್ಲೇನಿದೆ? ಬರೀ ಧೂಳು. ನಿನಗೆ ಆಮೇಲೆ ಸೀನು ಶುರುವಾಗುತ್ತೆ."

"ಸೀನಿಗೆ ಹೆದರಿದ್ರೆ ಈ ಕಸುಬು ಮಾಡೋಕಾಗುತ್ತಾ? ನಡಿ."

ಹಿಂಬಾಗಿಲನ್ನು ಬ್ಯಾಂಕಿನ ಜವಾನ ಬಂದು ನಮಗೆ ತೆರೆದುಕೊಟ್ಟು ಹೋಗಿದ್ದ. ಅಲ್ಲಿಂದ ಬಂದರೆ ಮೊದಲು ಅಡುಗೆಮನೆ, ಬಚ್ಚಲು, ಎರಡು ಕೋಣೆ. ಆಮೇಲೆ ಒಂದು ಸಣ್ಣ ಹಾದಿ. ಹಾದಿಯ ಎಡಕ್ಕೆ ಬಟ್ಟೆ ಇಡುವ ಉಗ್ರಾಣ. ಅದರ ಬಾಗಿಲಿಗೆ ಬ್ಯಾಂಕಿನ ಬೀಗ, ಬೀಗದ ಮೇಲೆ ಅರಗಿನ ಸೀಲು. ದರ್ಜಿಯ ಸಾಮಾನು ಒಳಗಿದೆ, ಅವನು ಬಂದು ಬಿಡಿಸಿಕೊಳ್ಳುವವರೆಗೂ ಅದು ಹಾಗೇ ಇರಬೇಕು. ಸೀಲನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಬಿರುಕಿಲ್ಲ, ಯಾರೂ ಕೈ ಹಾಕಿಲ್ಲ. ಉಗ್ರಾಣದಾಚೆ ಬೀದಿ ಕಡೆಗಿರುವುದೇ ಅಂಗಡಿ.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜೊಂದೇ ಉಳಿದಿತ್ತು. ಅದನ್ನು ಗೋಡೆಗೆ ಸೇರಿಸಿ ಕಟ್ಟಿದ್ದರಿಂದ ಯಾರಿಗೂ ಒಯ್ಯಲು ಆಗಿರಲಿಲ್ಲ. ಮೇಜಿನ ಹಿಂದಿನ ಗೋಡೆಗೆ ಬಗೆಬಗೆಯ ಕಾಲರುಗಳ ಮಾದರಿ ಹೊಲಿದು ಅಂಟಿಸಿದ ದೊಡ್ಡ ಹಲಗೆ. ಮೇಜಿನ ತುಂಬ ಧೂಳು, ಹಲಗೆಯ ಕೆಳಗೊಂದು ಕಡೆ ಮಾತ್ರ ಉಜ್ಜಿದ ಹಾಗಿತ್ತು.

ನಾನು ಬಗ್ಗಿ ನೋಡಿದೆ. ಧೂಳಿನಲ್ಲಿ ಬಿಳಿ ದಾರದ ತುಣುಕುಗಳಿದ್ದವು.

ದರ್ಜಿಯ ಮೇಜಿನ ಮೇಲೆ ದಾರ ಇರದೆ ಇನ್ನೇನು ಇರುತ್ತದೆ ಎನ್ನಬಹುದು. ಆದರೆ ಅವನು ಅಂಗಡಿ ಮುಚ್ಚಿದ ದಿನ ಬಿದ್ದ ದಾರವಾಗಿದ್ದರೆ ಅದು ಧೂಳಿನ ಕೆಳಗಿರಬೇಕಿತ್ತು. ಇದು ಧೂಳಿನ ಮೇಲಿತ್ತು. ಉಫ್ ಎಂದು ಮೆಲ್ಲಗೆ ಊದಿದೆ. ದಾರ ಹಗುರಾಗಿ ಹಾರಿತು, ಧೂಳು ಅಲ್ಲೇ ಉಳಿಯಿತು.

ಓಡಿಹೋದ ಎನ್ನುತ್ತಿದ್ದ ಮನುಷ್ಯ ಇಲ್ಲೇ ಕೂತು ಹೊಲಿಯುತ್ತಿದ್ದಾನಾ?

"ಅಕ್ಕ, ಸಾಹೇಬರು ಬಂದ್ರು," ಎಂದಳು ತಂಗಿ. ಅವಳ ದನಿಯಲ್ಲಿ ಜೀವವೇ ಇರಲಿಲ್ಲ.

ಬ್ಯಾಂಕಿನ ವಸೂಲಿ ಸಾಹೇಬರು ಹಿಂಬಾಗಿಲಿನಿಂದ ಹಾದಿ ದಾಟಿ ಬಂದರು. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು, ಮುಖದ ತುಂಬ ನಗು. ಜಪ್ತಿ ನೋಟಿಸನ್ನೂ ಮದುವೆ ಕಾಗದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುವ ಮನುಷ್ಯ. ಕೆಟ್ಟವರೇನಲ್ಲ, ಆದರೆ ಯಾವ ಪ್ರಶ್ನೆಗೂ ನೇರ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

"ಓಹೋ, ಟಕ... ಮೇಡಂ ಕೂಡ ಇದ್ದಾರೆ. ತಂಗೀನ ಕಳಿಸಿಕೊಡೋಕೆ ಬಂದ್ರಾ? ಒಳ್ಳೇ ಘಳಿಗೆ. ಇಲ್ಲೇ ಒಂದು ಸೈನ್ ಆಗಿಬಿಡ್ಲಿ."

ಅವರು ಫೈಲು ಬಿಚ್ಚಿ ಮೇಜಿನ ಮೇಲಿಟ್ಟರು. ತಂಗಿ ಕೈ ಚಾಚಿದಳು. ನಾನು ಫೈಲಿನ ಮೇಲೆ ಅಂಗೈ ಊರಿ ನಿಂತೆ.

"ಒಂದೆರಡು ಮಾತು ಕೇಳೋದಿದೆ ಸಾರ್."

"ಕೇಳಿ ಕೇಳಿ. ಬ್ಯಾಂಕು ಮುಚ್ಚೋದರೊಳಗೆ ಕೇಳಿ ಮುಗಿಸಿದ್ರೆ ಆಯ್ತು."

"ಜಪ್ತಿ ದಿನ ಇಲ್ಲಿಗೆ ಬಂದವರು ನೀವೇನಾ?"

"ನಾನೇ. ಬೀಗದವನು, ಫೋಟೋದವನು ಜೊತೆಗಿದ್ರು."

"ದರ್ಜಿ?"

"ಅವತ್ತು ಅವನು ಮ್ಯಾನೇಜರ್ ಕೋಣೆ ಮುಂದೆ ಕೂತಿದ್ದ. ಇನ್ನೂ ಸ್ವಲ್ಪ ದಿನ ಗಡುವು ಕೊಡಿ ಅಂತ. ಮನೆಯವರು ಮುಂಚೆನೇ ಬಿಟ್ಟಿದ್ರು. ಮನೆ ಖಾಲಿ."

"ಖಾಲಿ ಅಂತ ಹೇಗೆ ಗೊತ್ತಾಯ್ತು?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಮ್ಮಲ್ಲಿ ಪದ್ಧತಿ ಅಂತ ಒಂದಿದೆ ಮೇಡಂ. ಪ್ರತಿ ಬಾಗಿಲಲ್ಲೂ ನಿಂತು, ಒಳಗೆ ಯಾರಾದ್ರೂ ಇದ್ದೀರಾ ಅಂತ ಜೋರಾಗಿ ಕೂಗ್ತೀವಿ. ಕಾಯ್ತೀವಿ. ಮತ್ತೆ ಕೂಗ್ತೀವಿ. ಉತ್ತರ ಬರಲಿಲ್ಲ ಅಂದ್ರೆ ಬಾಗಿಲಿಂದಲೇ ಒಂದು ಫೋಟೋ, ಆಮೇಲೆ ಬೀಗ."

"ಬಾಗಿಲಿಂದಲೇ ಯಾಕೆ? ಒಳಗೆ ಹೋಗಿ ನೋಡಲ್ವಾ?"

"ಸಾಮಾನು ಇರೋ ಕೋಣೆಗೆ ಕಾಲೇ ಇಡಲ್ಲ. ಇಟ್ರೆ ಮುಗೀತು. ನಾಳೆ ಬಂದು, ಅಲ್ಲಿ ನನ್ನ ಚಿನ್ನದ ಸರ ಇತ್ತು, ಬ್ಯಾಂಕಿನವರು ಹೊಡೆದ್ರು ಅಂತಾರೆ. ನನ್ನ ಜೊತೆ ಕೆಲಸ ಮಾಡ್ತಿದ್ದವರೊಬ್ಬರು ಹಾಗೆ ಕೆಲಸ ಕಳ್ಕೊಂಡ್ರು. ಅವತ್ತಿಂದ ಹೊಸ್ತಿಲು ದಾಟಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲ ಬ್ಯಾಂಕಿನ ವಸೂಲಿಯವರೂ ಹೀಗೇ ಮಾಡುತ್ತಾರೆ. ಕಳ್ಳತನದ ಮಾತು ಬರಬಾರದೆಂದು ಕಣ್ಣಿಗಿಂತ ಗಂಟಲನ್ನು ಹೆಚ್ಚು ನಂಬುತ್ತಾರೆ.

"ಹಿಂಬಾಗಿಲ ಕೀಲಿ ಯಾರ ಹತ್ರ ಇದೆ?"

"ಒಂದು ನನ್ನ ಹತ್ರ, ಇನ್ನೊಂದು ಬ್ಯಾಂಕಲ್ಲಿ."

"ಬೇರೆ ಯಾರಿಗೂ ಕೊಟ್ಟಿಲ್ವಾ?"

"ಕೊಡೋಕೆ ಬರಲ್ಲ ಮೇಡಂ."

ಕೊಡೋಕೆ ಬರಲ್ಲ ಎಂದರೇ ಹೊರತು ಕೊಟ್ಟಿಲ್ಲ ಎನ್ನಲಿಲ್ಲ. ನಗು ಮಾತ್ರ ಮುಖದಿಂದ ಸ್ವಲ್ಪ ಜಾರಿತು. ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ದರ್ಜಿಗೆ ಇವರೇ ಕೀಲಿ ಕೊಟ್ಟು ಒಳಗಿಟ್ಟಿದ್ದಾರಾ? ಇಟ್ಟರೆ ಅವರಿಗೇನು ಲಾಭ?

"ಹಾಗಾದ್ರೆ ಇದು ಏನು ಸಾರ್?" ದಾರದ ತುಣುಕನ್ನು ಅವರ ಮುಂದೆ ಹಿಡಿದೆ. "ಬೀಗ ಹಾಕಿದ ಅಂಗಡೀಲಿ, ಧೂಳು ಕೂತ ಮೇಲೆ, ಯಾರೋ ಹೊಲಿಗೆ ಹಾಕಿದ್ದಾರೆ. ಹೊರಗೆ ಬಂದು ಮೀಟರ್ ನೋಡಿ. ಎಲ್ಲಾ ಸ್ವಿಚ್ಚು ಆರಿಸಿದ್ದೀನಿ, ಆದರೂ ಓಡ್ತಿದೆ. ನಿಮ್ಮ ಖಾಲಿ ಮನೇಲಿ ಒಬ್ಬರು ಬಾಳ್ವೆ ಮಾಡ್ತಿದ್ದಾರೆ."

ಸಾಹೇಬರು ದಾರ ನೋಡಲಿಲ್ಲ. ಮೊದಲು ಮುಚ್ಚಿದ ಶಟರ್ ಕಡೆ ನೋಡಿದರು, ಆಮೇಲೆ ತಂಗಿಯ ಕಡೆ, ಆಮೇಲೆ ಕೈಗಡಿಯಾರದ ಕಡೆ.

"ಸೋರಿಕೆ ಇರುತ್ತೆ ಮೇಡಂ. ಹಳೇ ವೈರಿಂಗು."

"ದಾರವೂ ಸೋರಿತಾ?"

"ನೋಡಿ," ಎಂದರು ಅವರು ದನಿ ತಗ್ಗಿಸಿ. "ಮನೆ ಖಾಲಿ ಇದೆ ಅಂತ ನಾನು ಬರೆದುಕೊಟ್ಟಾಗಿದೆ. ಈಗ ಇಲ್ಲಿ ಯಾರೋ ಇದ್ದಾರೆ ಅಂತ ಆದ್ರೆ ಹರಾಜೇ ರದ್ದು. ನನ್ನ ಕೆಲಸ ಹೋಗುತ್ತೆ, ಹೋಗ್ಲಿ ಬಿಡಿ. ನಿಮ್ಮ ತಂಗಿ ಗತಿ? ಮನೆ ಸಿಗಲ್ಲ. ಕಟ್ಟಿದ್ದು ವಾಪಸ್ ಬರೋಕೆ ಎಷ್ಟು ವರ್ಷ ಆಗುತ್ತೋ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು."

ಗೊತ್ತಿತ್ತು. ಅದಕ್ಕೇ ನನ್ನ ಪಿತ್ತ ನೆತ್ತಿಗೇರಿತು.

"ಅದಕ್ಕೆ? ಗೊತ್ತಿದ್ದೂ ನನ್ನ ತಂಗಿ ಕುತ್ತಿಗೆಗೆ ಕಟ್ತೀರಾ?"

"ನಾನೇನೂ ನೋಡಿಲ್ಲ ಮೇಡಂ. ನೋಡಿದ್ರೆ ಬರೀಬೇಕಾಗುತ್ತೆ." ಸಾಹೇಬರು ಒಂದು ಪೆನ್ನು ತೆಗೆದು ಕಾಗದದ ಮೇಲಿಟ್ಟರು. "ನಾನು ಹಿತ್ತಲಲ್ಲಿ ನಿಂತು ಬ್ಯಾಂಕಿಗೆ ಒಂದು ಫೋನ್ ಮಾಡಿ ಬರ್ತೀನಿ. ಸ್ವಲ್ಪ ಹೊತ್ತಾಗುತ್ತೆ. ಅಕ್ಕ ತಂಗಿ ಕೂತು ಮಾತಾಡಿ. ಬೇಡ ಅಂದ್ರೆ ಬೇಡ ಅನ್ನಿ, ಬೇಕು ಅಂದ್ರೆ ಸೈನ್ ಹಾಕಿಟ್ಟಿರಿ."

ಅವರು ಹೋದರು. ಹೋಗುವಾಗ ಹಾದಿಯಲ್ಲಿದ್ದ ಉಗ್ರಾಣದ ಬಾಗಿಲ ಕಡೆ ಅಪ್ಪಿತಪ್ಪಿಯೂ ತಿರುಗಲಿಲ್ಲ.

ತಂಗಿ ಪೆನ್ನಿಗೆ ಕೈ ಹಾಕಿದಳು.

"ಬಿಡು ಅದನ್ನ," ಎಂದೆ.

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಬೇರೆಯವರ ಮನೆ ಹುಳುಕು ಹುಡುಕಿ ಹುಡುಕಿ ನಿನಗೆ ಅಭ್ಯಾಸ ಆಗಿದೆ. ನನಗೆ ಇದು ಒಂದೇ ಮನೆ. ಇದೂ ಹೋದ್ರೆ ಮಗಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ನನ್ನ ಮನೆಗೆ ಬಾ."

"ಬಂದು? ನಿನ್ನ ಹಾಲಲ್ಲಿ ಕೂತು ಯಾರ ಹುಬ್ಬು ತಿದ್ದಲಿ?"

ಅವಳ ಕಣ್ಣು ತುಂಬಿತ್ತು. ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಅಪ್ಪಿಕೊಂಡರೆ ಅವಳ ಮಾತು ಕೇಳಿಬಿಡುತ್ತೇನೆಂದು ಹೆದರಿ ಗೋಡೆ ಕಡೆ ತಿರುಗಿದೆ.

"ಒಳಗೊಬ್ಬ ಗಂಡಸು ಅಡಗಿ ಕೂತಿದ್ದಾನೆ ಕಣೇ. ಮನೆ ಕಳ್ಕೊಂಡ ಸಂಕಟದಲ್ಲಿರೋನು. ನೀನು, ಆ ಮಗು, ಇಬ್ಬರೇ ಇಲ್ಲಿ ಬಂದು ಇರೋರು. ಮೊದಲು ಅವನನ್ನ ಹೊರಗೆ ಕರೀತೀನಿ, ಆಮೇಲೆ ನಿನ್ನ ಸೈನು."

ಗೋಡೆ ಕುಟ್ಟುತ್ತಾ ಹೊರಟೆ. ಗಟ್ಟಿ. ಗಟ್ಟಿ. ಕಾಲರುಗಳ ಹಲಗೆಯ ಮೇಲೆ ಕುಟ್ಟಿದಾಗ ಸದ್ದು ಬದಲಾಯಿತು. ಹಿಂದೆ ಟೊಳ್ಳು.

ದರ್ಜಿ ಅಂಗಡಿಗಳಲ್ಲಿ ಉಗ್ರಾಣಕ್ಕೂ ಮೇಜಿಗೂ ನಡುವೆ ಒಂದು ಕಂಡಿ ಇರುವುದುಂಟು. ಒಳಗೆ ಕಾಜಾ, ಗುಂಡಿ ಹಾಕುವವರು ಕೂತಿರುತ್ತಾರೆ, ಮೇಜಿನಲ್ಲಿರುವವನು ಬಟ್ಟೆ ದಾಟಿಸುತ್ತಾನೆ. ಎದ್ದು ಸುತ್ತು ಹಾಕಿ ಬರುವ ಕೆಲಸ ಉಳಿಯುತ್ತದೆ. ಬ್ಯಾಂಕಿನವರು ಬಾಗಿಲಿಗೆ ಅರಗು ಹಾಕಿದರು, ಈ ಕಂಡಿ ಅವರ ಕಣ್ಣಿಗೆ ಬಿದ್ದಿಲ್ಲ. ಅಂದರೆ ಒಳಗಿದ್ದವರು ಅಂಗಡಿಗೆ ಬರಬಹುದು, ಬಚ್ಚಲಿಗೆ, ಅಡುಗೆಮನೆಗೆ ಹೋಗಬಹುದು, ಮತ್ತೆ ಒಳಗೆ ಸೇರಿಕೊಳ್ಳಬಹುದು. ಸೀಲಿಗೆ ಒಂದು ಗೀರೂ ಬೀಳುವುದಿಲ್ಲ.

"ಅಕ್ಕ, ಬೇಡ," ಎಂದಳು ತಂಗಿ.

ನಾನು ಹಲಗೆಯ ಅಂಚು ಹಿಡಿದು ಪಕ್ಕಕ್ಕೆ ತಳ್ಳಿದೆ. ಎಣ್ಣೆ ಹಾಕಿದ ಹಾಗೆ ಸರಾಗವಾಗಿ ಸರಿಯಿತು.

ಒಳಗೆ ಒಂದು ಬಲ್ಬು ಉರಿಯುತ್ತಿತ್ತು. ಸಣ್ಣ ಟೇಬಲ್ ಫ್ಯಾನು ತಲೆಯಾಡಿಸುತ್ತಾ ತಿರುಗುತ್ತಿತ್ತು. ಸುತ್ತಲೂ ಎದೆಯೆತ್ತರ ಬಟ್ಟೆಯ ಸುರುಳಿಗಳು. ಅವುಗಳ ನಡುವೆ, ಬಾಗಿಲಿನಿಂದ ನೋಡಿದರೆ ಕಾಣದಂಥ ಮೂಲೆಯಲ್ಲಿ, ಚಾಪೆಯ ಮೇಲೆ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಕೂತಿದ್ದಳು. ನರೆತ ಜಡೆ. ತೊಡೆಯ ಮೇಲೊಂದು ಬಿಳಿ ಶರಟು. ಸೂಜಿ ಮೇಲೆ ಕೆಳಗೆ ಆಡುತ್ತಿತ್ತು.

ದರ್ಜಿಯನ್ನು ನೋಡಲು ಗಟ್ಟಿ ಮನಸ್ಸು ಮಾಡಿಕೊಂಡು ನಿಂತಿದ್ದವಳು ಕಂಡಿಯೊಳಗೆ ತಲೆ ತೂರಿಸಿದೆ.

"ಯಾರಮ್ಮಾ ಅದು?"

ಸೂಜಿ ನಿಲ್ಲಲಿಲ್ಲ.

"ಅಮ್ಮಾ, ನಿಮ್ಮನ್ನೇ." ಈ ಸಲ ಕೂಗಿಯೇ ಬಿಟ್ಟೆ. ಅವಳು ಹಲ್ಲಿನಿಂದ ದಾರ ಕಡಿದಳು, ಮತ್ತೆ ಪೋಣಿಸಿದಳು, ಇನ್ನೊಂದು ಕಾಜಾ ಶುರು ಮಾಡಿದಳು.

ಎದುರಿನ ಸೈಕಲ್ ರಿಪೇರಿಯವನನ್ನು ಮೊನ್ನೆ ಮಾತಾಡಿಸಿದ್ದೆ. ಅವನು ತನ್ನ ಪ್ಯಾಂಟು ದರ್ಜಿಯ ಹತ್ತಿರವೇ ಉಳಿಯಿತೆಂದು ಗೋಳಾಡಿದ್ದ. ಬೀದಿಯವರೆಲ್ಲ ಕಾಜಾ ಅಕ್ಕ ಎನ್ನುವ ದರ್ಜಿಯ ಅಕ್ಕನನ್ನಾದರೂ ಕೇಳಬಾರದಿತ್ತಾ ಎಂದರೆ, ಅವಳನ್ನ ಕೇಳೋದೂ ಒಂದೇ ಗೋಡೇನ ಕೇಳೋದೂ ಒಂದೇ ಎಂದಿದ್ದ. ಜಂಬದ ಹೆಂಗಸು ಇರಬೇಕು ಎಂದುಕೊಂಡು ನಾನು ಸುಮ್ಮನೆ ಬಂದಿದ್ದೆ. ಬೆಪ್ಪು ನಾನು.

ದರ್ಜಿಯ ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ.

ಸಾಹೇಬರು ಆ ದಿನ ಈ ಉಗ್ರಾಣದ ಬಾಗಿಲಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದಾರೆ. ಕಾದಿದ್ದಾರೆ. ಮತ್ತೆ ಕೂಗಿದ್ದಾರೆ. ಇವಳು ಇಲ್ಲೇ, ಸುರುಳಿಗಳ ಹಿಂದೆ, ಹೀಗೇ ಬೆನ್ನು ಹಾಕಿ ಕೂತು ಕಾಜಾ ಹೊಲಿಯುತ್ತಿದ್ದಳು. ಹೊಸ್ತಿಲು ದಾಟಬಾರದೆಂಬ ಪದ್ಧತಿಗೆ ಕಟ್ಟುಬಿದ್ದು ಅವರು ಜೀವಂತ ಹೆಂಗಸನ್ನು ಒಳಗಿಟ್ಟು ಅರಗು ಹಚ್ಚಿ ಹೋಗಿದ್ದಾರೆ.

ದರ್ಜಿ ಬ್ಯಾಂಕಿನಿಂದ ಹಿಂದಿರುಗಿ ಬಂದಾಗ ವಿಷಯ ಗೊತ್ತಾಗಿರಬೇಕು. ಆದರೂ ಅವನು ಬಾಯಿ ಬಿಡಲಿಲ್ಲ. ಯಾಕೆಂದು ಊಹಿಸುವುದು ಕಷ್ಟವಲ್ಲ. ಒಳಗೆ ಒಬ್ಬರು ವಾಸವಿದ್ದರೆ ಮನೆ ಖಾಲಿ ಅಲ್ಲ. ಕೊನೆಗಳಿಗೆಯಲ್ಲಿ ಅಕ್ಕನನ್ನು ಮುಂದೆ ನಿಲ್ಲಿಸಿ ಹರಾಜು ಕೆಡಿಸಬಹುದೆಂದು ಆ ಬಡಪಾಯಿ ಲೆಕ್ಕ ಹಾಕಿರಬೇಕು. ಹೆಂಡತಿಗೆ ದೊಡ್ಡಮ್ಮನ ಮನೆ ಎಂದು ಸುಳ್ಳು ಹೇಳಿ, ಸಂದು ಸಿಕ್ಕಾಗ ಹಿಂದಿನ ಕಿಟಕಿಯ ಸರಳಿನಿಂದ ಅಕ್ಕನಿಗೆ ಊಟ ಕೊಡುತ್ತಿದ್ದಿರಬೇಕು.

ಆದರೆ ಅವನು ಕಾಣೆಯಾದ ಮೇಲೆ? ಈ ಹೆಂಗಸು ಸೊರಗಿರಲಿಲ್ಲ. ಶುಭ್ರವಾದ ಬಟ್ಟೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಾಕಿ ಯಾರೋ ಅಚ್ಚುಕಟ್ಟಾಗಿ ಜಡೆ ಹೆಣೆದಿದ್ದರು.

ನಾನು ಮೇಜಿಗೆ ಅಂಗೈಯಿಂದ ಬಡಿದೆ. ಅದುರಿದ್ದು ಗೋಡೆಯ ಮೂಲಕ ಅವಳಿಗೆ ತಾಗಿತೇನೋ, ಥಟ್ಟನೆ ತಿರುಗಿದಳು. ನನ್ನ ಮುಖ ಕಂಡು ಬಿಳಿಚಿಕೊಂಡು ಕತ್ತರಿ ಎತ್ತಿ ಹಿಡಿದಳು. ಗಂಟಲಿನಿಂದ ಗೊರಗೊರ ಸದ್ದು.

ಆಮೇಲೆ ಅವಳ ಕಣ್ಣು ನನ್ನ ಹೆಗಲ ಹಿಂದಕ್ಕೆ ಹೋಯಿತು.

ಕತ್ತರಿ ಕೆಳಗಿಳಿಯಿತು. ಮುಖದ ಗಂಟುಗಳೆಲ್ಲ ಸಡಿಲವಾದವು. ಅವಳು ನಕ್ಕಳು. ಪಕ್ಕದಲ್ಲಿದ್ದ ತಟ್ಟೆ ಎತ್ತಿ, ಇವತ್ತು ಯಾಕೆ ತಡ ಎಂಬಂತೆ, ಕಂಡಿಯ ಕಡೆ ಚಾಚಿದಳು.

ನನ್ನ ಕಡೆಗಲ್ಲ, ನನ್ನ ತಂಗಿಯ ಕಡೆಗೆ.

ನಾನು ತಿರುಗಲಿಲ್ಲ. ತಿರುಗುವ ಧೈರ್ಯ ಬರಲಿಲ್ಲ.

"ಯಾವತ್ತಿಂದ?" ಎಂದೆ.

"ಹರಾಜಾದ ಮೇಲಿಂದ," ಎಂದಳು ತಂಗಿ. "ಕನ್ನಡಿಗಳಿಗೆ ಅಳತೆ ತಗೊಳ್ಳೋಕೆ ಅಂತ ಸಾಹೇಬರು ಒಂದು ಮಧ್ಯಾಹ್ನ ಕೀಲಿ ಕೊಟ್ಟಿದ್ರು. ಬಂದು ನೋಡಿದ್ರೆ ಬಚ್ಚಲಲ್ಲಿ ನೀರು ಕುಡೀತಾ ನಿಂತಿದ್ಲು. ನನ್ನ ನೋಡಿ ಹೆದರಿ ನೆಲದ ಮೇಲೆ ಕೂತುಬಿಟ್ಲು ಅಕ್ಕ. ಹಸಿದಿದ್ಲು. ನನ್ನ ಡಬ್ಬಿ ಬಿಚ್ಚಿ ಕೊಟ್ಟೆ. ಕೀಲಿ ವಾಪಸ್ ಕೊಡೋ ಮುಂಚೆ ಅಂಥದ್ದೇ ಇನ್ನೊಂದು ಮಾಡಿಸ್ಕೊಂಡೆ."

"ಬ್ಯಾಂಕಿಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಮನೆ ಹೋಗ್ತಿತ್ತು. ಹೇಳದಿದ್ರೆ ಇವಳು ಸಾಯ್ತಿದ್ಲು. ಎರಡೂ ಆಗಬಾರದು ಅಂತ ದಿನಾ ಬರ್ತಿದ್ದೆ." ಅವಳು ಮೂಗು ಒರೆಸಿಕೊಂಡಳು. "ಮನೆ ನನ್ನದಾದ ಮೇಲೆ ಇವಳನ್ನ ಇಲ್ಲೇ ಇಟ್ಕೊಳ್ಳೋದು ಅಂದ್ಕೊಂಡಿದ್ದೀನಿ. ಮುಂದಿನ ಕೋಣೆ ಪಾರ್ಲರಿಗೆ, ಇದು ಇವಳಿಗೆ. ಮಗಳಿಗೂ ಶಾಲೆಯಿಂದ ಬಂದಾಗ ಮನೇಲಿ ಒಬ್ಬರು ಇರ್ತಾರೆ. ಬಯ್ಯಬೇಡ ಅಕ್ಕ."

ಜಡೆ ಯಾರು ಹೆಣೆದದ್ದೆಂದು ಈಗ ಗೊತ್ತಾಗಿತ್ತು. ಚಿಕ್ಕವಳಿದ್ದಾಗ ಬೀದಿನಾಯಿಗಳಿಗೆ ಅನ್ನ ಹಾಕಿ ಅಮ್ಮನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದವಳು ಇವಳೇ. ಇಷ್ಟೇ ಆದರೆ ಹೇಗಾದರೂ ಸರಿಪಡಿಸಬಹುದು, ಸಾಹೇಬರನ್ನು ಕೂರಿಸಿ ಮಾತಾಡಬಹುದು ಎಂದುಕೊಂಡೆ.

ಆಗ ಕಾಜಾ ಅಕ್ಕ ತಟ್ಟೆ ಕೆಳಗಿಟ್ಟು ಕೈಸನ್ನೆ ಮಾಡಿದಳು. ಕೊರಳಿನ ಎರಡೂ ಕಡೆ ಅಳತೆಯ ಟೇಪು ಇಳಿಬಿಟ್ಟ ಹಾಗೆ ಬೆರಳುಗಳನ್ನು ಎಳೆದಳು. ಆಮೇಲೆ ಅಂಗೈ ಅಗಲಿಸಿ ತಂಗಿಯ ಮುಖ ನೋಡಿದಳು.

"ಏನಂತೆ?"

"ತಮ್ಮ ಎಲ್ಲಿ ಅಂತ." ತಂಗಿ ತನ್ನ ಅಂಗೈಯನ್ನು ಮುಂದಕ್ಕೆ ದೂಡಿ ತೋರಿಸಿದಳು. ಕಾಜಾ ಅಕ್ಕ ತಲೆಯಾಡಿಸಿ ಮತ್ತೆ ಶರಟು ಎತ್ತಿಕೊಂಡಳು. "ದಿನಾ ಕೇಳ್ತಾಳೆ. ನಾಳೆ ಬರ್ತಾನೆ ಅಂತ ಹೇಳ್ತೀನಿ. ಅವನು ಬಂದಾಗ ಕೊಡಬೇಕು ಅಂತ ಆ ಶರಟು ಹೊಲೀತಿದ್ದಾಳೆ."

ನಾನು ಈಗ ತಿರುಗಿದೆ.

"ಬರ್ತಾನಾ?"

ತಂಗಿ ಮೇಜಿನ ಅಂಚು ಹಿಡಿದುಕೊಂಡಳು. ಗೊತ್ತಿಲ್ಲ ಎಂದಿದ್ದರೆ ನಾನು ನಂಬಿಬಿಡುತ್ತಿದ್ದೆ. ಅವಳು ಹಾಗೆನ್ನಲಿಲ್ಲ.

"ಇನ್ನು ಬರಲ್ಲ. ಒಂದು ಸಂಜೆ ಬಂದಿದ್ದ, ಅಕ್ಕ. ನಾನು ಒಳಗಿದ್ದಾಗ. ಹಿಂಬಾಗಿಲು ತೆರೆದಿತ್ತು."

"ಆಮೇಲೆ?"

ಹಿತ್ತಲಿನಿಂದ ಸಾಹೇಬರ ದನಿ ಕೇಳಿಸಿತು. "ಮೇಡಂ, ಬ್ಯಾಂಕು ಮುಚ್ಚೋ ಹೊತ್ತಾಯ್ತು. ಏನ್ ತೀರ್ಮಾನ ಮಾಡಿದ್ರಿ?"

"ಆಮೇಲೆ ಏನಾಯ್ತು, ಹೇಳೇ," ಎಂದು ಅವಳ ರಟ್ಟೆ ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದಳು.

"ಮೊದಲು ಸೈನ್ ಹಾಕ್ತೀನಿ ಅಕ್ಕ, ಆಮೇಲೆ ಹೇಳ್ತೀನಿ," ಎಂದಳು. "ಮೊದಲೇ ಹೇಳಿಬಿಟ್ರೆ ನೀನು ಹಾಕೋಕೆ ಬಿಡಲ್ಲ."